ಗುಂಡಿಯ ಅಂಚಿನ ಪುಕ್ಕಲಣ್ಣ

ಹೆತ್ತವರು ಇಟ್ಟ ಹೆಸರೊಂದು ಆತನಿಗೂ ಇತ್ತು. ಅದು ಗುರುತಿನ ಚೀಟಿಯಲ್ಲಿ ಬೆಚ್ಚಗೆ ಮಲಗಿತ್ತು. ಜನರ ಬಾಯಲ್ಲಿ ಮಾತ್ರ ಪುಕ್ಕಲಣ್ಣನೇ. ಬಾಗಿಲು ಧಡಾರೆಂದರೆ ಬೆಚ್ಚುವವನು, ಲಿಫ್ಟ್ ಕಂಡರೆ ಮೆಟ್ಟಿಲು ಹುಡುಕುವವನು, ರಸ್ತೆ ದಾಟುವಾಗ ಬೆಳೆದ ಮಗಳ ಕೈ ಹಿಡಿಯುವವನು. "ನಿಮ್ಮನ್ನ ಕಟ್ಕೊಂಡ್ಮೇಲೆ ನನಗೆ ಹೆದ್ರೋಕೆ ಪುರುಸೊತ್ತೇ ಸಿಕ್ಕಿಲ್ಲ," ಎನ್ನುತ್ತಿದ್ದಳು ಹೆಂಡತಿ. ಪಾಪ, ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ.

ಪುರಾತತ್ವ ಇಲಾಖೆಯ ಅಗೆತದಲ್ಲಿ ಆತನ ಕೆಲಸ ಉಳಿದದ್ದೂ ಈ ಹೆದರಿಕೆಯಿಂದಲೇ. ಮೊದಲು ಮಣ್ಣು ಹೊರಲು ಬಂದಿದ್ದ. ಗುಂಡಿ ಎದೆಮಟ್ಟಕ್ಕೆ ಇಳಿದ ದಿನ ಮೇಲೆ ಹತ್ತಿ ಬಂದವನು, ಮತ್ತೆ ಇಳಿಯಲಾರೆ ಎಂದು ಕೂತೇಬಿಟ್ಟ. ಇವತ್ತಿಗೆ ಇವನ ಗಂಟುಮೂಟೆ ಕಟ್ಟಿಸುತ್ತಾರೆ ಎಂದು ಉಳಿದವರು ಕಣ್ಣು ಮಿಟುಕಿಸಿಕೊಂಡರು. ಆದರೆ ಅಗೆತದ ಉಸ್ತುವಾರಿ ಹೊತ್ತ ಮೇಡಂ ಬೇರೆಯೇ ಯೋಚಿಸಿದರು.

"ಧೈರ್ಯಸ್ಥರನ್ನ ಅಂಚಲ್ಲಿ ಕೂರಿಸಿದ್ರೆ ಫೋನ್ ನೋಡ್ತಾ ಕೂತಿರ್ತಾರೆ. ನೀವಾದ್ರೆ ಗೋಡೇನೇ ನೋಡ್ತೀರಿ. ಇನ್ಮೇಲೆ ಅದೇ ನಿಮ್ಮ ಕೆಲಸ."

ಅಂದಿನಿಂದ ಆತ ಗುಂಡಿಯ ಅಂಚಿಗಿಂತ ಸಾಕಷ್ಟು ಹಿಂದೆ ಸ್ಟೂಲ್ ಹಾಕಿಕೊಂಡು, ಎದುರಿನ ಮಣ್ಣಿನ ಗೋಡೆಯನ್ನು ದಿಟ್ಟಿಸುತ್ತಾ ಕೂರತೊಡಗಿದ. ಗೋಡೆಯಲ್ಲಿ ಎಲ್ಲಾದರೂ ಸೀಳು ಕಂಡರೆ ಅದರ ಮೇಲೆ ಅಡ್ಡಡ್ಡ ಕೆಸರಿನ ಪಟ್ಟಿ ಬಳಿಸುತ್ತಿದ್ದ. ಪಟ್ಟಿ ಒಣಗಿ ಗಟ್ಟಿಯಾದ ಮೇಲೆ ಗೋಡೆ ಕೂದಲೆಳೆಯಷ್ಟು ಅಲುಗಿದರೂ ಅದು ಒಡೆಯುತ್ತದೆ. ಒಡೆದರೆ ಕೂಗಬೇಕು, ಕೆಳಗಿದ್ದವರು ಮೇಲೆ ಬರಬೇಕು. ಇಷ್ಟೇ ನಿಯಮ. ನಮ್ಮ ಪುಕ್ಕಲಣ್ಣನಿಗೆ ಪಟ್ಟಿ ಒಡೆಯುವ ತನಕ ತಾಳ್ಮೆ ಇರಬೇಕಲ್ಲ! ಇರುವೆ ಮಣ್ಣು ಉದುರಿಸಿದರೂ ಕೂಗುತ್ತಿದ್ದ.

ಇದರಿಂದ ಹೆಚ್ಚು ನಾಚಿಕೆಪಟ್ಟವಳು ಆತನ ಮಗಳು. ಅದೇ ಗುಂಡಿಯ ತಳದಲ್ಲಿ ಕೂತು, ಬ್ರಷ್ಷಿನಿಂದ ಮಣ್ಣು ಬಿಡಿಸುವುದು ಅವಳ ಕೆಲಸ. ಅಪ್ಪನ ಕೂಗು ನಂಬಿ ಏಣಿ ಹತ್ತಿ ಓಡಿಬಂದಾಗಲೆಲ್ಲ ಗೋಡೆ ಕಲ್ಲಿನಂತೆ ನಿಂತಿರುತ್ತಿತ್ತು.

"ಇನ್ನೊಂದ್ಸಲ ಸುಮ್ಸುಮ್ನೆ ಕೂಗಿದ್ರೆ ನಾನು ಮೇಲೇ ಬರಲ್ಲ, ಹೇಳಿದೀನಪ್ಪಾ," ಎಂದಿದ್ದಳು. "ಎಲ್ರೂ ನನ್ನ ಮುಖ ನೋಡ್ಕೊಂಡು ನಗ್ತಾರೆ."

ಅವಸರ ಬೇರೆ ಹೆಗಲೇರಿತ್ತು. ಬಸ್ ಡಿಪೋದ ಹಿಂದಿನ ಆ ಜಾಗದಲ್ಲಿ ನೀರಿನ ಟ್ಯಾಂಕ್ ಬರಲಿತ್ತು. ಮರುದಿನ ಇಲಾಖೆ ಜಾಗ ಬಿಟ್ಟುಕೊಡಬೇಕು. ಅಷ್ಟರಲ್ಲಿ ಮಗಳ ಬ್ರಷ್ಷಿಗೆ ಒಂದು ದೊಡ್ಡ ಗುಡಾಣ ಸಿಕ್ಕಿತ್ತು. ಒಂದು ಚೂರೂ ಮುಕ್ಕಾಗಿರಲಿಲ್ಲ. ಕತ್ತಿನ ಸುತ್ತ ಕಪ್ಪು ಬಣ್ಣದಲ್ಲಿ ಓಡುವ ಜಿಂಕೆಗಳ ಸಾಲು. ಅರ್ಧ ಮಣ್ಣಿನಿಂದ ಎದ್ದಿತ್ತು, ಅರ್ಧ ಇನ್ನೂ ಒಳಗಿತ್ತು. ಅವಳಿಗೆ ಅದರ ಮೇಲೆ ಜೀವ.

ಮಧ್ಯಾಹ್ನಕ್ಕೆ ಮುಂಚೆ ಗೋಡೆಯ ಫೋಟೋ ತೆಗೆದರು. ಹಾಗೆ ತೆಗೆಯುವಾಗ ಗೋಡೆ ಕುಸಿಯದಂತೆ ಅಲ್ಲಲ್ಲಿ ಆನಿಸಿದ್ದ ಹಲಗೆಗಳನ್ನು ಬಿಚ್ಚಿ, ಮಣ್ಣಿಗೆ ನೀರು ಚಿಮುಕಿಸುತ್ತಾರೆ. ಒದ್ದೆಯಾದರೆ ಒಂದೊಂದು ಕಾಲದ ಪದರ ಒಂದೊಂದು ಬಣ್ಣವಾಗಿ ಎದ್ದು ಕಾಣುತ್ತದೆ. ಉದ್ದ ಕೊಳವೆಯ ಪಂಪು ಹಿಡಿದು ಮೇಲಿನಿಂದಲೇ ನೀರು ಸಿಂಪಡಿಸಿದವನು ಪುಕ್ಕಲಣ್ಣನೇ. ಬಣ್ಣಗಳು ಅರಳುವುದನ್ನು ನೋಡಿ ಹಿಗ್ಗಿಯೂ ಇದ್ದ.

"ಬಡಗಿ ಊಟ ಮುಗಿಸಿ ಬಂದು ಹಲಗೆ ಹಾಕೋವರೆಗೂ ಯಾರೂ ಇಳೀಬೇಡಿ," ಎಂದು ಹೇಳಿ ಮೇಡಂ ಲಾರಿಯವನಿಗೆ ಫೋನ್ ಮಾಡಲು ಹೋದರು. ಉಳಿದವರು ನೆರಳಿಗೆ ಸರಿದರು. ಪುಕ್ಕಲಣ್ಣ ಕೈ ತೊಳೆದು ಸ್ಟೂಲಿಗೆ ಮರಳಿದಾಗ ಮಗಳು ಗುಂಡಿಗಿಳಿದು, ಎದುರಿನ ಗೋಡೆಯ ಬುಡದಲ್ಲಿ ಗುಡಾಣದ ಪಕ್ಕ ಮಂಡಿಯೂರಿದ್ದಳು.

ಆತನ ಕಣ್ಣು ಕೆಸರಿನ ಪಟ್ಟಿಗಳನ್ನು ಹುಡುಕಿತು. ಪಟ್ಟಿಗಳೆಲ್ಲ ಒದ್ದೆಯಾಗಿ, ಮೆತ್ತಗಾಗಿ, ಹೊಳೆಯುತ್ತಿದ್ದವು. ಮೆತ್ತಗಾದ ಕೆಸರು ಹಿಗ್ಗುತ್ತದೆಯೇ ಹೊರತು ಒಡೆಯುವುದಿಲ್ಲ. ಗೋಡೆ ಅಲುಗಿದರೂ ಇನ್ನು ಗೊತ್ತಾಗುವಂತಿಲ್ಲ. ತನ್ನ ಕೈಯಾರೆ ತಾನೇ ಗೋಡೆಯ ಬಾಯಿ ಮುಚ್ಚಿಸಿದ್ದ. ಮೇಲಂಚಿನಿಂದ ಒಂದು ಹಿಡಿ ಮಣ್ಣು ಸರ್ರನೆ ಜಾರಿತು.

"ಪುಟ್ಟೀ, ಮೇಲೆ ಬಾ!"

"ಪಟ್ಟಿ ಒಡೀತಾ?" ಅವಳು ತಲೆ ಎತ್ತಲಿಲ್ಲ.

"ಇಲ್ಲ..."

"ಮತ್ತೆ?"

"ಹೆದ್ರಿಕೆ ಆಗ್ತಿದೆ ಕಣೇ."

"ನಿನಗೆ ಯಾವತ್ತು ಆಗಿಲ್ಲ ಹೇಳು," ಎಂದು ನಕ್ಕಳು. ಬ್ರಷ್ ನಿಲ್ಲಲಿಲ್ಲ.

ಪಟ್ಟಿಯ ಕಥೆ ಬಿಡಿಸಿ ಹೇಳೋಣವೆಂದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಮೇಡಂ ಅವರನ್ನು ಕರೆತರಲು ಹೋದರೆ ಅಷ್ಟರಲ್ಲಿ ಏನಾದೀತೋ. ಆಮೇಲೆ ಆತ ಹುಟ್ಟಿದಾರಭ್ಯ ಮಾಡದ ಕೆಲಸವೊಂದನ್ನು ಮಾಡಿದ. ಈಚೆ ಗೋಡೆಗೆ ಒರಗಿಸಿದ್ದ ಏಣಿಯ ಮೇಲೆ ಕಾಲಿಟ್ಟು, ಆಳುದ್ದಕ್ಕಿಂತ ಆಳದ ಆ ಗುಂಡಿಗೆ ಇಳಿಯತೊಡಗಿದ.

ನಾಲ್ಕಾರು ಮೆಟ್ಟಿಲು ಇಳಿದಿದ್ದನೋ ಇಲ್ಲವೋ, ಕೆಳಗೆ ನೋಡಿಬಿಟ್ಟ. ಮುಗಿಯಿತು. ಕಾಲು ಗಡಗಡ ನಡುಗಿ ಏಣಿಯೇ ಕುಣಿಯತೊಡಗಿತು. ಇಳಿಯಲೂ ಇಲ್ಲ, ಹತ್ತಲೂ ಇಲ್ಲ. ಏಣಿಯನ್ನು ತಬ್ಬಿಕೊಂಡು, ಕಣ್ಣು ಮುಚ್ಚಿ, "ಅಮ್ಮಾ" ಎಂದ.

ಮಗಳು ಈಗ ತಲೆ ಎತ್ತಿದಳು. "ಅಪ್ಪಾ! ಕೈ ಬಿಡಬೇಡ! ಅಲ್ಲೇ ಇರು!" ಬ್ರಷ್ ಬಿಸಾಕಿ ಓಡಿಬಂದು, ಏಣಿ ಹತ್ತಿ, ಹಿಂದಿನಿಂದ ತನ್ನ ಹೆಗಲು ಕೊಟ್ಟು, ಬೈಯುತ್ತಾ, ಅಳುತ್ತಾ, ಮಣಭಾರದ ಅಪ್ಪನನ್ನು ಒಂದೊಂದೇ ಮೆಟ್ಟಿಲು ಮೇಲಕ್ಕೆ ನೂಕಿದಳು. ಇಬ್ಬರೂ ಅಂಚಿನಾಚೆ ಬಿದ್ದರು.

ಹಿಂದೆಯೇ ಎದುರಿನ ಗೋಡೆ ಕುಸಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಧೂಳು ಇಳಿದಾಗ ಗುಡಾಣವೂ ಇಲ್ಲ, ಜಿಂಕೆಗಳೂ ಇಲ್ಲ, ಅವಳು ಮಂಡಿಯೂರಿದ್ದ ಜಾಗವೂ ಇಲ್ಲ.

ಮೇಡಂ ಓಡಿಬಂದರು. ಮುಖದಲ್ಲಿ ರಕ್ತವೇ ಇರಲಿಲ್ಲ. ಇಬ್ಬರ ಮೈಯನ್ನೂ ಮುಟ್ಟಿ ನೋಡಿದ ಮೇಲೆಯೇ ಉಸಿರುಬಿಟ್ಟರು. ಮಗಳು "ಗುಡಾಣ... ಗುಡಾಣ..." ಎನ್ನುತ್ತಿದ್ದಳು.

"ಇಷ್ಟು ಕಾಲ ಮಣ್ಣೊಳಗೆ ಇದ್ದದ್ದು ಇನ್ನೊಂದಿಷ್ಟು ದಿನ ಇರುತ್ತೆ ಬಿಡು. ಒಡೆದಿದ್ರೂ ಚೂರು ಚೂರೂ ಆಯ್ದು ಜೋಡಿಸೋಣ. ಅದು ಮೇಲೆ ಬರೋವರೆಗೂ ಈ ಜಾಗ ನಾನು ಯಾರಿಗೂ ಬಿಟ್ಕೊಡಲ್ಲ," ಎಂದರು ಮೇಡಂ.

ಎಲ್ಲರೂ ಗುಂಡಿಯತ್ತ ಹೋದ ಮೇಲೆ ಮಗಳು ಅಪ್ಪನ ಪಕ್ಕ ಕುಕ್ಕರಿಸಿದಳು.

"ನಿಜ ಹೇಳು. ನನ್ನ ಮೇಲೆ ಕರೆಸೋಕೆ ನಾಟಕ ಆಡಿದ್ಯಾ?"

"ನಾಟಕ ಆಡೋವಷ್ಟು ಧೈರ್ಯ ನನಗೆಲ್ಲಿಂದ ಬರ್ಬೇಕು?" ಎಂದ ಪುಕ್ಕಲಣ್ಣ.

ಅವಳು ಆತನ ಕೈ ಹಿಡಿದು ನೋಡಿದಳು. ಅದಿನ್ನೂ ನಡುಗುತ್ತಿತ್ತು. ಈ ಸಲ ನಗು ಬರಲಿಲ್ಲ, ಕೈಯನ್ನೂ ಬಿಡಲಿಲ್ಲ.