ಅಬ್ಬನ ತಗಡಿನ ಬೋರ್ಡು

ದೆವ್ವ, ಗಾಳಿ, ಸತ್ತವರು ಬಂದು ಹೋಗುವುದು, ಇವನ್ನೆಲ್ಲ ನಾನು ಒಂದು ದಿನವೂ ನಂಬಿದವಳಲ್ಲ. ಶಾಲೆಯಲ್ಲಿ ಡ್ರಾಯಿಂಗ್ ಹೇಳಿಕೊಡುವವಳು ನಾನು. ಮಕ್ಕಳು ಇಂಥ ಕಥೆ ತಂದರೆ ನಕ್ಕು ಕಳಿಸುತ್ತಿದ್ದೆ. ಈಗಲೂ ನಂಬುತ್ತೇನೆ ಎಂದು ಹೇಳುತ್ತಿಲ್ಲ. ಕೆಲವು ವರ್ಷಗಳ ಹಿಂದೆ ಕೊಟ್ಟೂರಿನಲ್ಲಿ ಒಂದು ಸಂಜೆ ನನ್ನ ಕಿವಿಗೆ ಬಿದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ, ಅಷ್ಟೆ. ನಗುವವರು ನಗಲಿ.

ನಮ್ಮ ತಂದೆ, ನಾವು ಅಬ್ಬ ಎನ್ನುತ್ತಿದ್ದೆವು, ಬೋರ್ಡ್ ಬರೆಯುವವರು. ಕೊಟ್ಟೂರಿನ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ದವಾಖಾನೆ, ಯಾವ ಬಾಗಿಲ ಮೇಲೆ ನೋಡಿದರೂ ಅವರ ಕನ್ನಡ ಅಕ್ಷರವೇ. ಫ್ಲೆಕ್ಸ್ ಬಂದ ಮೇಲೂ ಕುಂಚ ಬಿಡಲಿಲ್ಲ. ಒಂದೊಂದು ಅಕ್ಷರ ಮುಗಿದಾಗ ಬಣ್ಣದ ಡಬ್ಬಿಯ ಅಂಚಿಗೆ ಕುಂಚವನ್ನು ಮೂರು ಸಲ ತಟ್ಟುವರು. ಹಿಂದೆ ಸರಿದು ಅಕ್ಷರವನ್ನು ನೋಡುವರು. ಮತ್ತೆ ಎರಡು ಸಲ ತಟ್ಟುವರು. ಇಡೀ ಬೋರ್ಡು ಮುಗಿದಾಗ ಮಾತ್ರ ಇನ್ನೊಂದು ಏಟು, ಕುಂಚದ ಹಿಡಿಯಿಂದ ತಗಡಿನ ಮೇಲೆಯೇ, ಟಕ್. ಆ ಸದ್ದು ಕೇಳಿದರೆ ನಾನು ಚಹಾ ಒಯ್ಯುತ್ತಿದ್ದೆ.

ಅವರ ಕೊನೆಯ ಬೋರ್ಡು ಒಂದು ಸೈಕಲ್ ರಿಪೇರಿ ಅಂಗಡಿಯದು. ಕೊನೆಯ ಎರಡು ಅಕ್ಷರಕ್ಕೆ ನೆರಳು ಹಾಕುವುದು ಬಾಕಿ ಇದ್ದಾಗಲೇ ಅಬ್ಬ ತೀರಿಕೊಂಡರು. ನೀನೇ ಮುಗಿಸು ಎಂದು ಎಲ್ಲರೂ ಅಂದರು. ನನಗೆ ಕೈ ಏಳಲಿಲ್ಲ. ಅಂಗಡಿಯವರೂ ಅದನ್ನು ನಮ್ಮ ಮನೆಯಲ್ಲೇ ಬಿಟ್ಟರು.

ಮೂರು ವರ್ಷದ ನಂತರ ಚಿತ್ರ ಬರೆಯುವವರೆಲ್ಲ ಸೇರಿ ಊರಲ್ಲಿ ಒಂದು ಸಂಜೆಯ ಪ್ರದರ್ಶನ ಏರ್ಪಡಿಸಿದೆವು. ಒಂದೇ ಬೀದಿಯ ಹತ್ತಿ ಗೋದಾಮು, ಫೋಟೋ ಸ್ಟುಡಿಯೋ, ಹೊಲಿಗೆ ಕ್ಲಾಸಿನ ಕೋಣೆ, ಮೂರರಲ್ಲೂ ಚಿತ್ರಗಳು. ಹಡಗಲಿಯ ಕ್ಲಾರಿಯೊನೆಟ್‌ನವರು ಒಬ್ಬರು, ತಬಲಾ ಸೊಂಟಕ್ಕೆ ಕಟ್ಟಿಕೊಂಡ ಹರಪನಹಳ್ಳಿಯವರು ಒಬ್ಬರು. ಇಬ್ಬರೂ ಜನರೊಡನೆ ನಡೆಯುತ್ತ, ಪ್ರತಿ ಚಿತ್ರದ ಮುಂದೆ ನಿಂತು ಆಗ ತೋಚಿದ್ದನ್ನು ನುಡಿಸಬೇಕು. ಮೊದಲೇ ಅಭ್ಯಾಸ ಮಾಡುವಂತಿಲ್ಲ.

ಗೋದಾಮಿನಲ್ಲಿ ನನ್ನ ಐದು ಚಿತ್ರದ ಜೊತೆ ಅಬ್ಬನ ಬೋರ್ಡನ್ನೂ ತೂಗುಹಾಕಿದೆ. ನನಗೆ ಚಿತ್ರ ಕಲಿಸಿದ ಮೇಷ್ಟ್ರದೇ ಅಲ್ಲಿ ಉಸ್ತುವಾರಿ. ಅವರು ನೋಡಿದವರೇ, "ಇದು ಬೋರ್ಡಮ್ಮ, ಚಿತ್ರ ಅಲ್ಲ. ಗ್ವಾಡಿ ಮ್ಯಾಲಿಂದ ತಗದುಬಿಡು" ಎಂದರು. ನನಗೆ ಮೈಯೆಲ್ಲ ಉರಿಯಿತು. ಅವರ ಮನೆ ಬಾಗಿಲ ಮೇಲಿನ ಹೆಸರೂ ಅಬ್ಬ ಬರೆದದ್ದೇ.

"ಇದನ್ನ ತಗದ್ರ ನನ್ನವೂ ಐದೂ ತಗೀತೀನ್ರಿ ಸರ್" ಎಂದೆ. ಅವರಿಗೆ ಎದುರು ಮಾತಾಡಿದ್ದು ಅದೇ ಮೊದಲು. ಕೊನೆಗೆ ಬೋರ್ಡು ಬಾಗಿಲ ಪಕ್ಕಕ್ಕೆ ಹೋಯಿತು. ಅದಕ್ಕೆ ಕಲಾವಿದರ ಹೆಸರಿನ ಚೀಟಿ ಬೇಡ, ಅದರ ಮುಂದೆ ವಾದ್ಯವೂ ಬೇಡ ಎಂದು ಮೇಷ್ಟ್ರು ಷರತ್ತು ಹಾಕಿದರು.

ಏಳು ಗಂಟೆ ಸುಮಾರಿಗೆ ವಾದ್ಯದವರು ಗೋದಾಮಿನ ಚಿತ್ರಗಳನ್ನೆಲ್ಲ ಮುಗಿಸಿ ಹೊರಟರು. ಕ್ಲಾರಿಯೊನೆಟ್‌ನವರು ಹೊಸ್ತಿಲು ದಾಟಿದರು. ತಬಲಾದವರು ಬೋರ್ಡಿನ ಮುಂದೆ ನಿಂತುಬಿಟ್ಟರು. ಅವರ ಬೆರಳು ಮೂರು ಸಲ ಬಿತ್ತು. ಆಮೇಲೆ ಸುಮ್ಮನಾದರು, ಅಬ್ಬ ಹಿಂದೆ ಸರಿದು ನೋಡುತ್ತಿದ್ದಷ್ಟೇ ಹೊತ್ತು. ಮತ್ತೆ ಎರಡು. ಹಾಗೇ ನಾಲ್ಕಾರು ಸಲ ನುಡಿಸಿ, ಎರಡೂ ಕೈ ಎತ್ತಿ ನಿಂತರು. ಆಗ ತಗಡು ಟಕ್ ಎಂದಿತು.

ನಾನು ಅಲ್ಲೇ ಅತ್ತುಬಿಟ್ಟೆ. ತಬಲಾದವರು ಎತ್ತಿದ ಕೈ ಇನ್ನೂ ಇಳಿಸಿರಲಿಲ್ಲ. "ಕೊನೇದು ನಾನು ಹೊಡದಿಲ್ರಿ ಅಕ್ಕಾ" ಎಂದರು. ಅವರು ಕೊಟ್ಟೂರಿಗೆ ಬಂದದ್ದೇ ಅದು ಮೊದಲ ಸಲ. ಅಬ್ಬನನ್ನು ಕಂಡವರೂ ಅಲ್ಲ. ಬೋರ್ಡು ನೋಡಿದೊಡನೆ ಕೈ ತಾನೇ ಹಾಗೆ ಹೋಯಿತು ಎಂದಷ್ಟೇ ಹೇಳಿದರು.

ಮೇಷ್ಟ್ರಿಗೂ ಆ ಸದ್ದು ಕೇಳಿಸಿತ್ತು. ಬೋರ್ಡಿನ ಮೇಲೆ ಹಚ್ಚಿದ್ದ ಬಲ್ಬಿನ ಕಾವಿಗೆ ತಗಡು ಹಾಗೆ ಮಾಡುತ್ತದೆ ಎಂದರು. ಇರಬಹುದು. ಆಮೇಲೆ ಮನೆಯಲ್ಲಿ ಅದೇ ಬಲ್ಬು ಹಚ್ಚಿಟ್ಟು ಎಷ್ಟೋ ಸಂಜೆ ಕೂತು ನೋಡಿದೆ. ತಗಡು ಮತ್ತೆ ಸದ್ದು ಮಾಡಲಿಲ್ಲ. ಕಾವೇ ಎಂದು ಒಪ್ಪಿಕೊಂಡರೂ, ಆ ಮೂರು ಏಟು, ಆ ಬಿಡುವು, ಮತ್ತೆ ಆ ಎರಡು ಏಟು, ಇವೆಲ್ಲ ಪರವೂರಿನವರ ಬೆರಳಿಗೆ ಎಲ್ಲಿಂದ ಬಂದವು? ನನಗೆ ಗೊತ್ತಿಲ್ಲ. ತಮಗೆ ಗೊತ್ತು ಎನ್ನುವವರ ಮಾತನ್ನು ನಾನು ಕೇಳುವುದೂ ಇಲ್ಲ.

ಆ ಸಂಜೆ ಮೇಷ್ಟ್ರ ಎದುರಿಗೇ ಒಂದು ಚೀಟಿಯಲ್ಲಿ ಅಬ್ಬನ ಹೆಸರು ಬರೆದು ಬೋರ್ಡಿನ ಕೆಳಗೆ ಅಂಟಿಸಿದೆ. ಮನೆಗೆ ಬಂದವರು ಈಗಲೂ, ಆ ಎರಡು ಅಕ್ಷರಕ್ಕೆ ನೆರಳು ಹಾಕಿಬಿಡಬಾರದೇ ಎನ್ನುತ್ತಾರೆ. ಹಾಕುವುದಿಲ್ಲ. ಟಕ್ ಎಂದ ಬೋರ್ಡಿಗೆ ಅಬ್ಬ ಮತ್ತೆ ಕುಂಚ ಮುಟ್ಟಿಸಿದವರಲ್ಲ.