‘ಆಯ್ತು’ ಅಂದಮೇಲಿನ ಮುಖ

“ಒಬ್ಬರನ್ನ ಸ್ಟೂಲಿನ ಮೇಲೆ ಕೂರಿಸಿ ‘ಎಲ್ಲಿ, ಸ್ವಲ್ಪ ನಗಿ’ ಅನ್ನಿ ನೋಡೋಣ. ಮುಗೀತು ಕತೆ. ಅಲ್ಲೀವರೆಗೂ ಚೆನ್ನಾಗಿದ್ದ ಮುಖ ಇಸ್ತ್ರಿ ಹಾಕಿದ ಅಂಗಿ ಥರ ಬಿಗಿದುಕೊಳ್ಳುತ್ತೆ. ಕತ್ತು ಸೆಟೆದುಕೊಳ್ಳುತ್ತೆ, ಕೈ ಎಲ್ಲಿಡಬೇಕು ಅಂತ ಗೊತ್ತಾಗಲ್ಲ, ಕಣ್ಣು ಮಾತ್ರ ‘ಯಾವಾಗ ಬಿಡ್ತೀಯಪ್ಪಾ’ ಅಂತ ಕೇಳ್ತಿರುತ್ತೆ. ನಾನು ಅವಸರ ಮಾಡಲ್ಲ. ಒಂದು ಕ್ಲಿಕ್ ಮಾಡ್ತೀನಿ, ಅದು ಅವರ ಸಮಾಧಾನಕ್ಕೆ. ಆಮೇಲೆ ಕ್ಯಾಮೆರಾ ಹಿಂದಿನಿಂದ ತಲೆ ಎತ್ತಿ ‘ಆಯ್ತು’ ಅಂತೀನಿ. ಆಗ ನೋಡಬೇಕು ನೀವು! ಹೆಗಲು ಇಳಿಯುತ್ತೆ. ಒಂದು ಉಸಿರು ಹೊರಗೆ ಬರುತ್ತೆ. ಆ ಉಸಿರಿನ ಬೆನ್ನಿಗೇ, ಬಾಗಿಲ ಸಂದಿಯಿಂದ ಮಗು ಇಣುಕಿದ ಹಾಗೆ, ನಿಜವಾದ ಮುಖ ಬರುತ್ತೆ. ನನ್ನ ಬೆರಳು ಗುಂಡಿ ಮೇಲೇ ಇರುತ್ತಲ್ಲ, ಒತ್ತಿಬಿಡ್ತೀನಿ. ಮೋಸ ಅಂತೀರಾ? ಅನ್ನಿ. ಆದ್ರೆ ಎರಡೂ ಫೋಟೋ ಅವರ ಮುಂದೆ ಇಟ್ಟು, ಯಾವುದು ಬೇಕು ಅಂತ ಕೇಳ್ತೀನಿ. ಬೇಡ ಅಂದಿದ್ದನ್ನ ಅವರ ಎದುರಿಗೇ ಹರಿದುಹಾಕ್ತೀನಿ. ಮೂವತ್ತು ವರ್ಷದಲ್ಲಿ ಆ ಎರಡನೇದನ್ನ ನಾಲ್ಕೋ ಐದೋ ಸಲ ಹರಿದಿರಬಹುದು, ಅಷ್ಟೇ. ಮಿಕ್ಕವರೆಲ್ಲ ಅದನ್ನೇ ಎತ್ತಿಕೊಂಡು ‘ಅಯ್ಯೋ, ಇದು ನಾನೇನಾ’ ಅಂತ ನೋಡ್ತಾ ನಿಂತುಬಿಡೋರು.”

ಫೋಟೋದಣ್ಣ ಈ ಮಾತನ್ನು ಎಷ್ಟು ಜನಕ್ಕೆ ಹೇಳಿದ್ದಾನೋ. ಹೇಳುವಾಗ ಅವನ ಕಣ್ಣು ಕೇಳುವವರ ಮುಖದ ಮೇಲೆ ಇರುವುದಿಲ್ಲ, ಅವರ ಕೆನ್ನೆಯ ಮೇಲೆ ಬೆಳಕು ಎಲ್ಲಿಗೆ ಬಂದು ನಿಂತಿದೆ ಅನ್ನುವುದರ ಮೇಲೆ ಇರುತ್ತದೆ.

ಅವನ ಸ್ಟುಡಿಯೋ ಒಂದು ದರ್ಜಿ ಅಂಗಡಿಯ ಮೇಲಿತ್ತು. ಮರದ ಮೆಟ್ಟಿಲು ಹತ್ತಿ ಹೋದರೆ ಆಳೆತ್ತರದ ಒಂದೇ ಕಿಟಕಿ, ಅದಕ್ಕೊಂದು ಬೂದು ಬಣ್ಣದ ಪರದೆ. ಪರದೆಯನ್ನು ಗೇಣಷ್ಟು ಸರಿಸಿದರೆ ಬೆಳಕು ಕೋಣೆಯೊಳಕ್ಕೆ ಹಾಲಿನ ಹಾಗೆ ಇಳಿಯುತ್ತಿತ್ತು. ಅದು ಒಂದು ಕೆನ್ನೆಯನ್ನು ತೊಳೆದು ಇನ್ನೊಂದನ್ನು ನೆರಳಿಗೆ ಬಿಡುತ್ತಿತ್ತು. ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದು ನಿದ್ದೆಯಲ್ಲಿ ಕೇಳಿದ ಹಾಗೆ ಕೇಳುತ್ತಿತ್ತು. ಫೋಟೋ ತೆಗೆಸಲು ಬಂದವರಿಗೆ ಒಂದೊಂದು ಸಲ ತೂಕಡಿಕೆಯೂ ಬರುತ್ತಿತ್ತು. ಆಮೇಲೆ ಎಲ್ಲರ ಕೈಗೂ ಫೋನು ಬಂತು. ತಮ್ಮ ಮುಖ ತಾವೇ ತೆಗೆದುಕೊಳ್ಳುವಾಗ ಮೆಟ್ಟಿಲು ಹತ್ತುವವರು ಯಾರು? ಒಂದು ದಿನ ಕಿಟಕಿಯ ಪರದೆ ಪೂರ್ತಿ ಎಳೆದು, ಬಾಗಿಲು ಹಾಕಿಕೊಂಡು ಅವನು ಮನೆಗೆ ಬಂದ.

ಮನೆಯಲ್ಲಿ ಆರು ತಿಂಗಳು ಅಡುಗೆಮನೆಯ ಸ್ಟೂಲಿನ ಮೇಲೆ ಕೂತ. ಬೆಳಗಿನ ಬಿಸಿಲು ಮೊದಲು ನಲ್ಲಿಯ ಮೇಲೆ ಬರುವುದು, ಆಮೇಲೆ ಲೋಟದ ಅಂಚಿಗೆ ಜಾರುವುದು, ಹತ್ತು ಗಂಟೆಗೆ ನೆಲಕ್ಕಿಳಿದು ಬೆಕ್ಕಿನ ಹಾಗೆ ಮಲಗುವುದು. ಎಲ್ಲ ನೋಡಿದ. ಅವನ ಹೆಂಡತಿ ಒಂದು ದಿನ ತಡೆಯಲಾರದೆ, “ಹಾಗೆ ನೋಡ್ತಾ ಕೂತ್ರೆ ಪಾತ್ರೆ ತಾನಾಗೇ ತೊಳ್ಕೊಳ್ಳುತ್ತಾ?” ಅಂದಳು. ಅವನು ನಕ್ಕು ಎದ್ದು ತೊಳೆದ. ತೊಳೆದ ಪಾತ್ರೆಯ ಮೇಲೆ ಬೆಳಕು ಬೇರೆ ಥರ ಕೂರುವುದನ್ನು ನೋಡುತ್ತ ಅಲ್ಲೇ ನಿಂತುಬಿಟ್ಟ. ಅವಳು ಹಣೆ ಚಚ್ಚಿಕೊಂಡು ತಮ್ಮನಿಗೆ ಫೋನು ಮಾಡಿದಳು.

ತಮ್ಮ, ಅಂದರೆ ಫೋಟೋದಣ್ಣನ ಬಾಮೈದ, ಟೀವಿ ಸೀರಿಯಲ್ಲಿನಲ್ಲಿ ದೀಪ ಹಾಕುವವನು. “ಭಾವ, ನಮ್ಮಲ್ಲಿ ಮೂರನೇ ಕ್ಯಾಮೆರಾಗೆ ಜನ ಇಲ್ಲ. ಬನ್ನಿ. ಮುಖ ತಾನೇ, ಅಲ್ಲೂ ಮುಖಗಳೇ” ಅಂದ.

ಸೀರಿಯಲ್ ನಡೆಯುತ್ತಿದ್ದುದು ಬಾಡಿಗೆಗೆ ಹಿಡಿದ ಎರಡಂತಸ್ತಿನ ಮನೆಯಲ್ಲಿ. ದೊಡ್ಡ ಹಜಾರ, ಸುತ್ತಿಕೊಂಡು ಮೇಲೆ ಹೋಗುವ ಮೆಟ್ಟಿಲು, ಮೆಟ್ಟಿಲ ಪಕ್ಕಕ್ಕೊಂದು ಕಿಟಕಿ. ಆ ಕಿಟಕಿ ಇದ್ದೂ ಇಲ್ಲದ ಹಾಗೆ. ಯಾಕೆಂದರೆ ನಾಲ್ಕು ಮೂಲೆಯಿಂದಲೂ ಮೇಲಿನಿಂದಲೂ ದೀಪಗಳು ಸುರಿಯುತ್ತಿದ್ದವು. ಮೊದಲ ದಿನ ಫೋಟೋದಣ್ಣ ಹಜಾರದ ನಡುವೆ ನಿಂತು ತನ್ನ ಕಾಲಬುಡ ನೋಡಿಕೊಂಡ. ನೆರಳೇ ಇಲ್ಲ. ಅತ್ತೆ, ಸೊಸೆ, ಮಾವ, ಟೀ ತರುವವರು ಯಾರಿಗೂ ನೆರಳಿಲ್ಲ. ಯಾವುದೋ ಕನಸಿನೊಳಕ್ಕೆ ಚಪ್ಪಲಿ ಸಮೇತ ಕಾಲಿಟ್ಟ ಹಾಗಾಯಿತು ಅವನಿಗೆ.

“ಇಷ್ಟೊಂದು ಯಾಕೋ?” ಅಂತ ಬಾಮೈದನನ್ನು ಕೇಳಿದ.

“ದಿನಕ್ಕೊಂದು ಕಂತು ಮುಗಿಸಬೇಕು ಭಾವ. ಯಾವ ಕ್ಯಾಮೆರಾ ಎತ್ತ ತಿರುಗಿದ್ರೂ ಬೆಳಕಿರಬೇಕು. ನೆರಳು ಜೋಡಿಸ್ತಾ ಕೂತ್ರೆ ಸೊಸೆ ಮುದುಕಿ ಆಗ್ತಾಳೆ.”

ಅವತ್ತೇ ಫೋಟೋದಣ್ಣ ಎಡವಟ್ಟು ಮಾಡಿದ. ಸೊಸೆಯ ಪಾತ್ರದ ಹುಡುಗಿ ಮೆಟ್ಟಿಲ ಕೆಳಗೆ ನಿಂತಿದ್ದಳು, ತಲೆಯಿಂದ ಕಾಲಿನವರೆಗೆ ತೋರಿಸಿ ಅಂದರು. ಮೂವತ್ತು ವರ್ಷದ ಅಭ್ಯಾಸ, ಸುಟ್ಟರೂ ಹೋಗುತ್ತದೆಯೇ? ನಿಂತವರ ಫೋಟೋ ಅಂದರೆ ಕ್ಯಾಮೆರಾವನ್ನು ಎತ್ತಿ ನಿಲ್ಲಿಸಿ ಹಿಡಿಯಬೇಕು. ಅವನು ಸ್ಟ್ಯಾಂಡಿನ ತಿರುಪು ಸಡಿಲಿಸಿ ಕ್ಯಾಮೆರಾವನ್ನು ಪಕ್ಕಕ್ಕೆ ಹೊರಳಿಸಿ, ಅಚ್ಚುಕಟ್ಟಾಗಿ ಹಿಡಿದ. ಅತ್ತ ಡೈರೆಕ್ಟರಮ್ಮನ ಮುಂದಿದ್ದ ಟೀವಿ ಪರದೆಯ ಮೇಲೆ ಹುಡುಗಿ, ಮೆಟ್ಟಿಲು, ಹೂದಾನಿ ಎಲ್ಲ ಗಾಳಿಯಲ್ಲಿ ಅಡ್ಡಡ್ಡ ಮಲಗಿದ್ದವು.

“ಏನ್ರೀ ಇದು, ಮನೆಗೆ ಮನೇನೇ ಮಲಗಿಬಿಟ್ಟಿದೆ!” ಡೈರೆಕ್ಟರಮ್ಮ ಕೂಗಿದಳು. “ನೋಡೋರು ಟೀವಿ ಎತ್ತಿ ನಿಲ್ಲಿಸ್ಕೋಬೇಕಾ?”

ಹಜಾರಕ್ಕೆ ಹಜಾರವೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಅಜ್ಜಿಯ ಪಾತ್ರ ಮಾಡುವ ಹಿರಿಯ ನಟಿಯನ್ನು ಅಲ್ಲಿ ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು. ಅವರು ಮಾತ್ರ, “ನಂಗೂ ಹಂಗೇ ಹಿಡಿಯಪ್ಪ, ಬೆಳಗ್ಗೆಯಿಂದ ನಿಂತು ಸೊಂಟ ಬಿದ್ದುಹೋಗಿದೆ. ನಿಂತೂ ಮಲಗಿದ ಹಾಗಿರುತ್ತೆ” ಅಂದರು. ನಗು ಅವನ ಮೇಲಿಂದ ಅವರ ಮೇಲಕ್ಕೆ ಹೋಯಿತು. ಬೇಕೆಂದೇ ಎಳೆದುಕೊಂಡರು ಅಂತ ಅವನಿಗೆ ಗೊತ್ತಾಯಿತು.

ಡೈರೆಕ್ಟರಮ್ಮ ಕೆಟ್ಟವಳಲ್ಲ, ಆದರೆ ಪುರುಸೊತ್ತಿಲ್ಲದವಳು. “ಶನಿವಾರದವರೆಗೆ ನೋಡ್ತೀನಿ. ಆಮೇಲೆ ಇರೋದೋ ಹೋಗೋದೋ ಹೇಳ್ತೀನಿ” ಅಂದುಬಿಟ್ಟಳು. ಇಲ್ಲಿಂದಲೂ ಹೋದರೆ ಮುಖ ನೋಡುವ ಕೆಲಸ ಅನ್ನುವುದು ಇನ್ನೆಲ್ಲೂ ಇಲ್ಲ ಅಂತ ಫೋಟೋದಣ್ಣನಿಗೆ ಚೆನ್ನಾಗಿ ತಿಳಿದಿತ್ತು.

ಆ ವಾರ ಅವನು ಹೇಳಿದ್ದನ್ನು ಹೇಳಿದ ಹಾಗೆ ಮಾಡಿದ. ಅತ್ತೆಗೆ ಸಿಟ್ಟು ಬಂದಾಗ ಅವಳ ಮುಖಕ್ಕೆ ಕ್ಯಾಮೆರಾದಲ್ಲಿ ಮೂರು ಸಲ ನುಗ್ಗು ಅಂದರೆ ಮೂರು ಸಲ ನುಗ್ಗಿದ. ನುಗ್ಗಿದಾಗಲೆಲ್ಲ ಒಳಗೊಳಗೇ, ‘ಹೀಗೆ ಬೆನ್ನಟ್ಟಿದರೆ ಯಾವ ಮುಖ ತಾನೇ ಹೊರಗೆ ಬಂದೀತು’ ಅಂದುಕೊಳ್ಳುವನು. ಬಿಡುವಾದಾಗ ದೊಡ್ಡಮ್ಮನನ್ನು ನೋಡುವನು. ಅವರು ಪ್ರತಿ ದೃಶ್ಯಕ್ಕೂ ಮುಂಚೆ ಮೆಟ್ಟಿಲ ಪಕ್ಕದ ಕಿಟಕಿಗೆ ಹೋಗಿ ನಿಲ್ಲುತ್ತಿದ್ದರು. ಅಂಗೈಯಲ್ಲಿ ಮಡಚಿದ ಚೀಟಿ, ಅಲ್ಲಾಡುವ ತುಟಿ. ನಾಲ್ಕೇ ಸಾಲು ಇರಲಿ, ಹತ್ತು ಸಲ ಓದುವರು. ಓದಿ ಕಣ್ಣು ಮುಚ್ಚುವರು, ಮತ್ತೆ ತೆರೆದು ನೋಡುವರು. ಬೇರೆಯವರೆಲ್ಲ ‘ದೊಡ್ಡಮ್ಮನಿಗೆ ಎಷ್ಟು ಶ್ರದ್ಧೆ’ ಅನ್ನುತ್ತಿದ್ದರು. ಫೋಟೋದಣ್ಣನ ಕಣ್ಣಿಗೆ ಶ್ರದ್ಧೆಗಿಂತ ಬೇರೆ ಏನೋ ಕಾಣುತ್ತಿತ್ತು.

ಶುಕ್ರವಾರ ಮಧ್ಯಾಹ್ನ ಅಜ್ಜಿ ಮನೆಯ ಬೀಗದ ಕೈ ಗೊಂಚಲನ್ನು ಸೊಸೆಗೆ ಕೊಡುವ ದೃಶ್ಯ. ದೊಡ್ಡಮ್ಮ ಕುರ್ಚಿಯಲ್ಲಿ ಕೂತು ಗೊಂಚಲು ಕೊಟ್ಟರು, ನಾಲ್ಕು ಸಾಲು ಮಾತು ಹೇಳಿದರು. ಕೊನೆಯ ಸಾಲಿಗೆ ಬಂದಾಗ ಒಂದು ಕೂದಲೆಳೆಯಷ್ಟು ತಡವರಿಸಿ ಮುಗಿಸಿದರು. ಸೊಸೆ ಬಾಗಿ ಹೊರಟುಹೋದಳು. ಫೋಟೋದಣ್ಣ ಆ ಮುಖದಲ್ಲೇ ಮುಳುಗಿದ್ದ. ಕೈಗೆ ಸ್ಟುಡಿಯೋ ನೆನಪಾಯಿತೋ, ಬಾಯಿಗೆ ನೆನಪಾಯಿತೋ, ಕ್ಯಾಮೆರಾ ಹಿಂದಿನಿಂದ ತಲೆ ಎತ್ತಿ ಮೆತ್ತಗೆ, ಆದರೆ ಎಲ್ಲರಿಗೂ ಕೇಳುವ ಹಾಗೆ, “ಆಯ್ತು” ಅಂದುಬಿಟ್ಟ.

ಡೈರೆಕ್ಟರಮ್ಮ ಮುಂದಿನ ಹಾಳೆಯಲ್ಲಿ ತಲೆ ತಗ್ಗಿಸಿದ್ದಳು. ದೃಶ್ಯ ಮುಗಿಯಿತೆಂದುಕೊಂಡು ಬಾಮೈದ ಪಟಪಟನೆ ದೀಪಗಳನ್ನು ಆರಿಸಿದ. ಉಳಿದ ಇಬ್ಬರು ಕ್ಯಾಮೆರಾ ಬಿಟ್ಟು ಮೈಮುರಿದರು. ಹಜಾರ ಒಮ್ಮೆಗೇ ನಿಜವಾದ ಮನೆಯಾಯಿತು. ಮೂಲೆಗಳಿಗೆ ಕತ್ತಲು ವಾಪಸು ಬಂತು, ಕುರ್ಚಿಗಳಿಗೆ ನೆರಳು ಬಂತು. ಮೆಟ್ಟಿಲ ಪಕ್ಕದ ಕಿಟಕಿಯಿಂದ ಮಧ್ಯಾಹ್ನದ ಬೆಳಕು ತೇಲಿಬಂದು ದೊಡ್ಡಮ್ಮನ ಒಂದು ಕೆನ್ನೆಯ ಮೇಲೆ ಕೂತಿತು. ಅವರ ಹೆಗಲು ಇಳಿಯಿತು. ಒಂದು ಉಸಿರು ಬಂತು. ಖಾಲಿಯಾದ ಅಂಗೈಯನ್ನು ಮೇಲೆ ಮಾಡಿ, ಅದರಲ್ಲಿ ಏನೋ ಬರೆದಿದೆ ಅನ್ನುವ ಹಾಗೆ ನೋಡಿದರು. ಆಮೇಲೆ ಕಿಟಕಿಯತ್ತ ತಿರುಗಿದರು. ಗೆದ್ದವರ ಮುಖವೂ ಅಲ್ಲ, ಸೋತವರದೂ ಅಲ್ಲ. ತುಂಬ ದೂರ ನಡೆದು ಬಂದು, ಇನ್ನೂ ಎಷ್ಟು ದೂರ ಅಂತ ದಾರಿಯನ್ನೇ ಕೇಳುವವರ ಮುಖ.

ಫೋಟೋದಣ್ಣ ಕ್ಯಾಮೆರಾ ನಿಲ್ಲಿಸಿರಲಿಲ್ಲ. ಫೋಟೋ ಆಗಿದ್ದರೆ ಅದು ಒಂದು ಗಳಿಗೆ, ಅಲ್ಲಿಗೆ ಮುಗಿಯಿತು. ಇಲ್ಲಿ ಆ ಗಳಿಗೆಗೆ ಕಾಲು ಮೂಡಿ ಅದು ನಿಧಾನವಾಗಿ ನಡೆಯುತ್ತಿತ್ತು. ಅವನು ಕ್ಯಾಮೆರಾವನ್ನು ಅಲ್ಲಾಡಿಸಲಿಲ್ಲ, ಹತ್ತಿರ ನುಗ್ಗಲಿಲ್ಲ. ಉಸಿರು ಕೂಡ ಮೆಲ್ಲಗೆ ಬಿಟ್ಟ.

“ಯಾರ್ರೀ ಆಯ್ತು ಅಂದಿದ್ದು? ಕಟ್ ಹೇಳೋಳು ನಾನಾ, ನೀವಾ?” ಡೈರೆಕ್ಟರಮ್ಮ ಎದ್ದಳು. ಎದ್ದವಳ ಕಣ್ಣು ಪರದೆಯ ಮೇಲೆ ಬಿತ್ತು, ಅಲ್ಲೇ ಉಳಿಯಿತು. ದೊಡ್ಡಮ್ಮ ಎದ್ದು ಮೇಕಪ್ಪು ಕೋಣೆಗೆ ಹೋದಮೇಲೆ ಅವಳು ಅದನ್ನು ಮತ್ತೆ ಹಾಕಿಸಿ ನೋಡಿದಳು. ಮತ್ತೆ ಇನ್ನೊಂದು ಸಲ.

“ಇದನ್ನ ಹೀಗೇ ಬಿಡ್ತೀನಿ. ಗುಡುಗಿನ ಸದ್ದು ಬೇಡ, ಏನೂ ಬೇಡ. ಶನಿವಾರದವರೆಗೆ ಯಾಕ್ರೀ, ಇವತ್ತೇ ಹೇಳ್ತೀನಿ. ನೀವಿರಿ.”

ಬಾಮೈದನ ಮುಖ ಹೂವಿನ ಹಾಗೆ ಅರಳಿತು. ಫೋಟೋದಣ್ಣ ಮಾತ್ರ ಕ್ಯಾಮೆರಾದ ಮೇಲಿನ ಕೈ ತೆಗೆಯಲಿಲ್ಲ.

“ಅಮ್ಮಾ, ಇದನ್ನ ದೊಡ್ಡಮ್ಮನಿಗೆ ತೋರಿಸಬೇಕು. ಅವರು ಬೇಡ ಅಂದ್ರೆ ಅಳಿಸಬೇಕು.”

“ನಟಿ ಕಣ್ರೀ ಅವರು! ಮುಖ ಕೊಡೋಕೇ ಬಂದಿರೋರು.”

“ಇದು ಅವರು ಕೊಟ್ಟಿದ್ದಲ್ಲ. ನಾನು ತಗೊಂಡಿದ್ದು.”

ಬಾಮೈದ ಹಿಂದಿನಿಂದ ಅಂಗಿ ಜಗ್ಗಿದ. “ಭಾವ, ತಾನಾಗೇ ಬಂದಿದ್ದನ್ನ ಕಾಲಲ್ಲಿ ಒದೀಬೇಡಿ. ಅಕ್ಕನಿಗೆ ನಾನೇನು ಹೇಳ್ಲಿ?”

ಡೈರೆಕ್ಟರಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. “ಸರಿ, ಕೇಳಿಕೊಂಡು ಬನ್ನಿ. ಅವರು ಬೇಡ ಅಂದ್ರೆ ನಾಳೆ ನೀವೂ ಬರೋದು ಬೇಡ. ಒಬ್ಬೊಬ್ಬರನ್ನೂ ಕೇಳ್ತಾ ಕೂರೋಕೆ ಇದು ಸ್ಟುಡಿಯೋ ಅಲ್ಲ.”

ಅವನು ಕ್ಯಾಮೆರಾವನ್ನೇ ಮಗುವಿನ ಹಾಗೆ ಎತ್ತಿಕೊಂಡು ಹೋದ. ದೊಡ್ಡಮ್ಮ ಕನ್ನಡಿಯ ಮುಂದೆ ಕೂತು ಹತ್ತಿಯಿಂದ ಹಣೆಯ ಬಣ್ಣ ಒರೆಸುತ್ತಿದ್ದರು. ಅವನು ನಡೆದದ್ದನ್ನು ಹೇಳಿ, ಕ್ಯಾಮೆರಾದ ಪುಟ್ಟ ಪರದೆಯಲ್ಲಿ ತೋರಿಸಿದ. ಅವರು ಹತ್ತಿಯನ್ನು ಹಣೆಗೆ ಒತ್ತಿಕೊಂಡೇ ನೋಡಿದರು.

“ಇದು ಪಾತ್ರದ ಮುಖ ಅಲ್ಲಪ್ಪ.”

“ಗೊತ್ತು ದೊಡ್ಡಮ್ಮ.”

“ಏನು ಗೊತ್ತು ನಿಂಗೆ?”

“ಕಿಟಕಿ ಹತ್ರ ನಿಂತು ಚೀಟಿ ಓದೋದು ಗೊತ್ತು.”

ಅವರು ಹತ್ತಿಯನ್ನು ಹಣೆಯಿಂದ ಇಳಿಸಿದರು. ಹೊರಗೆ ಯಾರೋ ಕುರ್ಚಿ ಎಳೆದ ಸದ್ದು.

“ಮೂರು ತಿಂಗಳಾಯ್ತು” ಅಂದರು ಆಮೇಲೆ. “ತಲೆಯಲ್ಲಿ ಮಾತು ನಿಲ್ಲಲ್ಲ. ಸೋರೋ ಕೊಡದ ಥರ, ತುಂಬಿಸಿಕೊಂಡು ಬರೋಷ್ಟರಲ್ಲಿ ಅರ್ಧ. ಇವತ್ತು ಕೊನೇ ಸಾಲು ಬಾಯಿಗೆ ಬಂತಲ್ಲ, ಹೇಗೋ ದಾಟಿದೆ ಅನ್ನಿಸ್ತು. ಹಿಂದೆಯೇ, ನಾಳೆ ಏನು ಗತಿ ಅನ್ನಿಸ್ತು. ಅದನ್ನ ನೀನು ಹಿಡ್ಕೊಂಡಿದ್ದೀಯ. ನೋಡೋರಿಗೆ ಅಜ್ಜಿಯ ದುಃಖ ಅಂತ ಕಾಣಬಹುದು. ನಂಗೆ ಹಾಗೆ ಕಾಣಲ್ಲ.”

“ಅಳಿಸ್ತೀನಿ.”

“ಅಳಿಸಿದ್ರೆ ನಿನ್ನ ಕೆಲಸ?”

ಅವನು ಅವರಿಗೆ ಕಾಣುವ ಹಾಗೆ ಕ್ಯಾಮೆರಾ ಹಿಡಿದು ಗುಂಡಿ ಒತ್ತಿದ. ಪುಟ್ಟ ಪರದೆ ಕಪ್ಪಾಯಿತು. ಒಳ್ಳೆಯ ಕನಸು ಎಚ್ಚರವಾದೊಡನೆ ಮರೆತುಹೋಗುತ್ತದಲ್ಲ, ಅಂಥ ಒಂದು ನೋವು ಅವನ ಎದೆಯಲ್ಲಿ ಹಾದುಹೋಯಿತು.

ದೊಡ್ಡಮ್ಮ ಕನ್ನಡಿಯಲ್ಲೇ ಅವನನ್ನು ನೋಡುತ್ತಿದ್ದರು. “ಆ ಕಿಟಕಿ ಬೆಳಕಲ್ಲಿ ನನ್ನ ಮುಖ ಹಂಗಿರುತ್ತೆ ಅಂತ ನಂಗೇ ಗೊತ್ತಿರ್ಲಿಲ್ಲ ಕಣೋ” ಅಂದರು. ಹತ್ತಿ ಬಿಸಾಡಿ ಎದ್ದರು. “ಬಾ. ನಿಮ್ಮ ದೀಪದವನಿಗೆ ಹೇಳು, ಒಂದನ್ನೂ ಹಾಕೋದು ಬೇಡ ಅಂತ.”

ಹಜಾರಕ್ಕೆ ಬಂದು ಅವರು ಡೈರೆಕ್ಟರಮ್ಮನಿಗೆ, “ಅದು ಹೋಯ್ತಮ್ಮ, ನಾನೇ ಬೇಡ ಅಂದೆ. ಈಗ ಇನ್ನೊಂದು ಸಲ ಕೂತ್ಕೋತೀನಿ, ಗೊತ್ತಿದ್ದೂ ಕೂತ್ಕೋತೀನಿ. ಆದ್ರೆ ಆ ನಾಲ್ಕು ಸಾಲು ಬೇಡ. ಬೀಗದ ಕೈ ಕೊಟ್ಟ ಮುದುಕಿ ಭಾಷಣ ಯಾಕೆ ಮಾಡ್ತಾಳೆ? ಕೈ ಖಾಲಿ ಆಗಿದ್ದೇ ಸಾಲದಾ?” ಅಂದರು.

“ಮಾತಿಲ್ದೆ ಒಂದು ನಿಮಿಷ? ಜನ ಚಾನೆಲ್ ಬದಲಾಯಿಸ್ತಾರೆ.”

“ಬದಲಾಯಿಸಿದ್ರೆ ನನ್ನನ್ನ ಸಾಯಿಸಿಬಿಡು, ಗೋಡೆ ಮೇಲೆ ಫೋಟೋ ಆಗ್ತೀನಿ. ತೆಗೆಯೋಕೆ ಇವನಿದ್ದಾನೆ.”

ಡೈರೆಕ್ಟರಮ್ಮನಿಗೆ ನಗು ತಡೆಯಲಾಗಲಿಲ್ಲ. ಹೂಂ ಅಂದಳು.

ಎರಡನೆಯದು ಮೊದಲಿನದರಷ್ಟು ಬರಲಿಲ್ಲ. ಫೋಟೋದಣ್ಣನ ಕಣ್ಣಿಗೆ ಅದು ಹೊಡೆಯಿತು. ಹೆಗಲು ಇಳಿಯುವಾಗ ಚೂರು ನಟನೆ ಇತ್ತು, ಬೆಳಕೂ ಸ್ವಲ್ಪ ಸರಿದಿತ್ತು. ಆದರೆ ಕಿಟಕಿಯತ್ತ ತಿರುಗಿದ ಮುಖದಲ್ಲಿ ಹೆದರಿಕೆ ಇರಲಿಲ್ಲ. ನೆನಪಿಡಬೇಕಾದ ಮಾತೇ ಇಲ್ಲದಾಗ ಆ ಮುಖ, ಕೊಳದ ಮೇಲಿನ ಎಲೆಯ ಹಾಗೆ, ತನ್ನ ಪಾಡಿಗೆ ತೇಲುತ್ತಿತ್ತು.

“ಮೊದಲನೇದೇ ಚೆನ್ನಾಗಿತ್ತು” ಅಂದಳು ಡೈರೆಕ್ಟರಮ್ಮ.

“ಹೌದು” ಅಂದ ಅವನು.

ಅವಳು ಪೆನ್ನಿನಿಂದ ಹಾಳೆಯ ಮೇಲೆ ಕುಟ್ಟುತ್ತ ಸ್ವಲ್ಪ ಹೊತ್ತು ಪರದೆ ನೋಡಿದಳು. “ದೊಡ್ಡಮ್ಮನ ದೃಶ್ಯಕ್ಕೆಲ್ಲ ಇನ್ಮೇಲೆ ಮಾತು ಕಡಿಮೆ ಮಾಡಿಸ್ತೀನಿ, ಚೆನ್ನಾಗಿ ಕಾಣುತ್ತೆ. ಆ ಕಿಟಕಿ ನಿಮ್ಮ ಜವಾಬ್ದಾರಿ. ನಾಳೆ ಏಳು ಗಂಟೆಗೆ ಇಲ್ಲಿರಿ. ಬಾಯಿ ಮಾತ್ರ ಮುಚ್ಕೊಂಡಿರಿ.”

ಮನೆಗೆ ಬಂದಾಗ ಸಂಜೆಯ ಬಿಸಿಲು ಇನ್ನೂ ಇತ್ತು. ಹೆಂಡತಿ ಮಹಡಿಯ ಮೇಲೆ ಒಣಗಿದ ಬಟ್ಟೆ ತೆಗೆಯುತ್ತಿದ್ದಳು. ತಮ್ಮನ ಫೋನು ಮುಂಚೆಯೇ ಬಂದಿತ್ತೇನೋ, ಏನಾಯಿತೆಂದು ಕೇಳಲಿಲ್ಲ. “ನಾಳೆ ಎಷ್ಟು ಗಂಟೆಗೆ?” ಅಂದಳು.

“ಏಳಕ್ಕೆ.”

“ಹಾಗಿದ್ರೆ ಆರಕ್ಕೇ ಎಬ್ಬಿಸ್ತೀನಿ. ಈಗ ಈ ದುಪ್ಪಟಿ ಹಿಡ್ಕೊಳ್ಳಿ.”

ಅವನು ಒಂದು ತುದಿ ಹಿಡಿದ, ಅವಳು ಇನ್ನೊಂದು. ಒಮ್ಮೆ ಕೊಡವಿದರು. ಬಿಳಿಯ ದುಪ್ಪಟಿ ನಡುವೆ ಉಬ್ಬಿ ಮೆಲ್ಲಗೆ ಇಳಿಯಿತು. ಅಂಚಿಗೆ ಅಂಚು ಸೇರಿಸಿ ಮಡಚಿ, ಒಬ್ಬರ ಹತ್ತಿರಕ್ಕೊಬ್ಬರು ನಡೆದು ಬಂದರು. ಅವನು ತನ್ನ ಕೈಯ ತುದಿಗಳನ್ನು ಅವಳ ಕೈಗೆ ಕೊಟ್ಟ. ಅವಳು ಅದನ್ನು ಮಂಡಿಗೆ ಒತ್ತಿ ಸುಕ್ಕು ತೀಡಿ, ಬಕೆಟ್ಟಿಗೆ ಹಾಕಿದಳು. ಅವನು ಹಗ್ಗದ ಮೇಲಿನ ಕ್ಲಿಪ್ಪುಗಳನ್ನು ಒಂದೊಂದಾಗಿ ಬಿಡಿಸಿಕೊಂಡು, ಮುಂದಿನ ದುಪ್ಪಟಿಗೆ ಕೈ ಹಾಕಿದ.