ಚಲುವಮ್ಮನ ಬಸವನಪಾದ

ನಮ್ಮ ಚಿಕ್ಕಮ್ಮ ಚಲುವಮ್ಮ ನಾಗಮಂಗಲದ ಸಂತೆಯಲ್ಲಿ ಬೆಣ್ಣೆ ಮಾರುತ್ತಿದ್ದ ಗಟ್ಟಿಗಿತ್ತಿ. ಚೌಕಾಸಿ ಮಾಡುವವರು ಅವಳ ಬುಟ್ಟಿಯ ಹತ್ತಿರ ಸುಳಿಯುತ್ತಿರಲಿಲ್ಲ. ಅಂಥವಳು ಹಿತ್ತಲಿನ ಒಂದು ಗಿಡದ ಮುಂದೆ ಮಾತ್ರ ಮೆತ್ತಗಾಗುತ್ತಿದ್ದಳು. ದನದ ಗೊರಸಿನಂಥ ಎಲೆಯ ಬಸವನಪಾದ ಅದು. ಲಾರಿ ಓಡಿಸುತ್ತಿದ್ದ ಚಿಕ್ಕಪ್ಪ ದೇವರಾಜು ತೊಂಬತ್ತೊಂದರಲ್ಲಿ ಅದನ್ನು ನೆಟ್ಟು, "ಇದು ಹೂ ಬುಡೋ ಒತ್ಗೆ ಬತ್ತೀನಿ ಕಣಮ್ಮಿ" ಎಂದು ಹೋದವನು ತಿರುಗಿ ಬರಲಿಲ್ಲ. ಲಾರಿಯೂ ಸಿಗಲಿಲ್ಲ, ಹೆಣವೂ ಸಿಗಲಿಲ್ಲ.

ಆ ಗಿಡ ಹೂ ಬಿಡುವುದು ಮಳೆಗಾಲದ ಕೊನೆಗೆ. ನಮ್ಮಪ್ಪ ತಮ್ಮಯ್ಯನೋ, ಸೊಪ್ಪು ಕಂಡರೆ ಕುಡುಗೋಲು ಆಡಿಸುವ ಆಸಾಮಿ. ಪ್ರತಿ ಶ್ರಾವಣದಲ್ಲೂ ಕುಡಿಗಳನ್ನೆಲ್ಲ ಸವರಿ ಮೇಕೆಗಳಿಗೆ ಹಾಕುತ್ತಿದ್ದ. ಮೊಗ್ಗು ಕೂರುವುದು ಆ ಕುಡಿಗಳಲ್ಲೇ ಎಂಬುದು ನಮಗ್ಯಾರಿಗೂ ಹೊಳೆಯಲಿಲ್ಲ.

ಮಹಾಲಯ ಅಮಾವಾಸ್ಯೆಯ ಸಂಜೆ ನಮ್ಮಲ್ಲಿ ಸತ್ತ ಹಿರಿಯರಿಗೆ ಎಡೆ ಇಟ್ಟು, ಅವರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ನಿಲ್ಲುತ್ತೇವೆ. ಪ್ರತಿ ವರ್ಷವೂ ಅದೇ ಜಗಳ.

"ದೇವರಾಜಂಗೂ ಒಂದು ಎಡೆ ಮಡಗಾನ ಕಣವ್ವ. ಅಸ್ಕಂಡು ಅಲೀತಾವ್ನೋ ಏನೋ" ಎನ್ನುತ್ತಿದ್ದ ಅಪ್ಪ.

"ಬದುಕಿರೋರ್ಗೆ ಎಡೆ ಮಡಗ್ತಾರಾ ಬಾವ? ಗಿಡ ಇನ್ನೂ ಹೂ ಬುಟ್ಟಿಲ್ಲ" ಎನ್ನುತ್ತಿದ್ದಳು ಚಿಕ್ಕಮ್ಮ.

ತೊಂಬತ್ತೇಳರಲ್ಲಿ ಮೇಕೆಗಳನ್ನು ಮಾರಿದ್ದರಿಂದ ಕುಡಿಗಳು ಉಳಿದವು. ಹಬ್ಬದ ದಿನವೇ ಗಿಡದ ತುಂಬ ಹೂ. ಚಿಕ್ಕಮ್ಮ ಹೊಸ ಸೀರೆಯುಟ್ಟು, ಗಂಡನಿಗೆಂದು ಮುದ್ದೆ, ಕೋಳಿಸಾರು ಬಡಿಸಿಕೊಂಡು ಗಿಡದ ಕೆಳಗೆ ಕೂತಳು. ನಾನೂ ಅವಳ ಜೊತೆಗೇ ಕೂತೆ. ಅತ್ತ ಅಪ್ಪ, ನಮಗೆ ತಿಳಿಯದಂತೆ, ಅದೇ ಗಿಡದ ಹೂವಿಟ್ಟು ತಮ್ಮನ ಹೆಸರಿಗೂ ಎಡೆ ಹಾಕಿ ಬಾಗಿಲು ಮುಚ್ಚಿದ್ದ.

ಹೊತ್ತು ಮುಳುಗಿತು. ಗಿಡದ ಎಲೆಗಳು ಎಂದಿನಂತೆ ಮಡಚಿಕೊಂಡವು. ಗಾಳಿಯಿಲ್ಲದೆಯೂ ಹೂಗಳು ಒಂದೊಂದಾಗಿ ಉದುರತೊಡಗಿದವು. ಚಿಕ್ಕಮ್ಮ ದಡಕ್ಕನೆ ಎದ್ದಳು.

"ಬಂದ್ರಾ? ಕೈಕಾಲು ತೊಳ್ಕಳಿ, ಉಣ್ಣೀರಂತೆ."

ನನಗೆ ಯಾರೂ ಕಾಣಲಿಲ್ಲ. ದನಿ ಮಾತ್ರ ಕೇಳಿತು. ಚಿಕ್ಕಪ್ಪನದೇ ದನಿ.

"ಬ್ಯಾಡ ಕಣಮ್ಮಿ. ಈಗ್ತಾನೆ ಒಳಗೆ ಉಂಡೆ. ಒಟ್ಟೆ ತುಂಬೋಯ್ತು."

ಚಿಕ್ಕಮ್ಮ ಮುಚ್ಚಿದ ಬಾಗಿಲನ್ನು ನೋಡಿದಳು. ಕೈಯಲ್ಲಿದ್ದ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು.

"ಎಡೆ ಉಂಡ್ಬುಟ್ರಾ" ಎಂದಷ್ಟೇ ಕೇಳಿ, ಗಿಡದ ಬುಡದಲ್ಲಿ ಕೂತು, ಬಳೆಗಳನ್ನು ಒಂದೊಂದಾಗಿ ಒಡೆದುಕೊಂಡಳು.